ಬ್ರಿಜ್ ಪತ್ರಿಕೆಗೆ ವರ್ಷದ ಚಂದಾ ಕಟ್ಟಬೇಕಾ? ಶಕ್ತಿನಗರದಿಂದ ಒಂದು ಪ್ರಶ್ನೆ

ಶಕ್ತಿನಗರ ನಿವೃತ್ತ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ರಾಯಚೂರಿನ ಶಕ್ತಿನಗರದಲ್ಲಿ. ವಿದ್ಯುತ್ ಕೇಂದ್ರದಲ್ಲಿ ಟರ್ಬೈನ್ ಕಡೆ ಕೆಲಸ ಮಾಡಿ ನಿವೃತ್ತನಾದೆ. ಶಿಫ್ಟ್ ಮುಗಿಸಿಕೊಂಡು ಬಂದು ನಾಲ್ಕು ಜನ ಕೂತು ಬ್ರಿಜ್ ಆಡುತ್ತಿದ್ದೆವು, ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟ್ ಆಟ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಅಷ್ಟೂ ವರ್ಷ ನನಗೆ ಜೋಡಿ ಒಬ್ಬರೇ. ಕಳೆದ ದೀಪಾವಳಿ ಆದ ಮೇಲೆ ಅವರು ಹೈದರಾಬಾದಿಗೆ, ಮಗನ ಮನೆಗೆ ಹೋದರು. ಉಳಿದ ಇಬ್ಬರಲ್ಲಿ ಒಬ್ಬರಿಗೆ ಕಣ್ಣಿನ ಆಪರೇಷನ್ ಆಗಿದೆ. ಟೇಬಲ್ಲಿಗೆ ಹಾಸುತ್ತಿದ್ದ ಹಸಿರು ಬಟ್ಟೆ ಮಡಚಿ ಬೀರುವಿನಲ್ಲಿಟ್ಟಿದ್ದೇನೆ.

ವಿಷಯಕ್ಕೆ ಬರುತ್ತೇನೆ. ವಿದೇಶದ ಒಂದು ಬ್ರಿಜ್ ಮಾಸಪತ್ರಿಕೆಗೆ ಚಂದಾದಾರ ಆಗಬೇಕು ಅಂತ ಬಹಳ ದಿನದ ಆಸೆ. ಕಾಗದದ ಪ್ರತಿ ತರಿಸಿದರೆ ಅಂಚೆ ಖರ್ಚು ಸೇರಿ ವರ್ಷಕ್ಕೆ ಒಂಬತ್ತು ಸಾವಿರದ ಹತ್ತಿರ ಬೀಳುತ್ತದೆ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಓದುವ ಪ್ರತಿಗೆ ಅದರ ಅರ್ಧಕ್ಕಿಂತ ಕಡಿಮೆ. ಎರಡೂ ನನಗೆ ಸಣ್ಣ ದುಡ್ಡಲ್ಲ. ತಿಂಗಳ ಔಷಧಿ ಖರ್ಚು ಕಣ್ಣ ಮುಂದೆ ಬರುತ್ತದೆ.

ಆಟದ ನಿಯಮ, ಬಿಡ್ ಮಾಡುವ (ಎಷ್ಟು ಸುತ್ತು ಗೆಲ್ಲುತ್ತೇವೆ ಅಂತ ಮೊದಲೇ ಕೂಗುವ) ಪದ್ಧತಿ ಎಲ್ಲ ಗೊತ್ತು. ದೊಡ್ಡ ಆಟಗಾರ ಏನಲ್ಲ, ಕಾಲೊನಿ ಮಟ್ಟದ ಆಟ. ಇನ್ನೂ ಕಲಿಯುವ ಮನಸ್ಸಿದೆ. ಚಂದಾ ಕಟ್ಟಿದವರು, ಕಟ್ಟಿ ಬಿಟ್ಟವರು ಇದ್ದರೆ ಹೇಳಿ. ನಿಜವಾಗಿ ಉಪಯೋಗ ಆಯಿತಾ?

ಗಂಗಾವತಿ ಹುಡುಗ

ಕಾಕಾ, ನನ್ನ ಮಾತು ಕೇಳಿದರೆ ಈಗಲೇ ದುಡ್ಡು ಹಾಕಬೇಡಿ. ನಾನು ಬ್ರಿಜ್ ಕಲಿತದ್ದು ಪೂರ್ತಿ ಫೋನಿನಲ್ಲೇ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸುಗ್ಗಿ ಬಿಟ್ಟರೆ ರಾತ್ರಿ ಸಮಯ ಸಿಗುತ್ತದೆ. ಬ್ರಿಜ್ ಬೇಸ್ ಆನ್‌ಲೈನ್‌ನಲ್ಲಿ ಪುಕ್ಕಟೆ ಖಾತೆ ಮಾಡಿಕೊಂಡು ಆಡುತ್ತೇನೆ. ಯಾವ ಊರಿನವರೋ, ಯಾವ ದೇಶದವರೋ, ಯಾರಾದರೂ ಸಿಗುತ್ತಾರೆ. ದೊಡ್ಡ ಪಂದ್ಯಗಳನ್ನು ನಾಲ್ಕೂ ಕೈ ಕಾಣುವ ಹಾಗೆ ತೋರಿಸುತ್ತಾರೆ, ಎಲೆ ಬೀಳುತ್ತಾ ಇರುವಾಗಲೇ ನೋಡಬಹುದು. ಆಡಿದ ಆಟವನ್ನು ಮತ್ತೆ ತೆಗೆದು ಎಲ್ಲಿ ತಪ್ಪಾಯಿತು ಅಂತಲೂ ನೋಡಬಹುದು.

ನಿಮ್ಮ ಜೋಡಿಯವರಿಗೂ ಒಂದು ಖಾತೆ ಮಾಡಿಸಿಬಿಡಿ. ಅವರು ಹೈದರಾಬಾದಿನಲ್ಲಿ, ನೀವು ಶಕ್ತಿನಗರದಲ್ಲಿ, ಇಬ್ಬರೂ ಒಂದೇ ಟೇಬಲ್. ಇಷ್ಟೆಲ್ಲ ಪುಕ್ಕಟೆ ಇರುವಾಗ ಪತ್ರಿಕೆ ಯಾಕೆ?

ಕುಷ್ಟಗಿ ಮಾಸ್ತರ್

ತಮ್ಮ ಹೇಳಿದ್ದು ಆಡುವುದರ ಬಗ್ಗೆ. ಸರ್ ಕೇಳಿದ್ದು ಓದುವುದರ ಬಗ್ಗೆ. ಎರಡೂ ಬೇರೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಲೆಕ್ಕ ಹೀಗಿದೆ. ಬ್ರಿಜ್‌ನಲ್ಲಿ ಎಂದೂ ಬದಲಾಗದ ಭಾಗ ಒಂದಿದೆ, ಅದಕ್ಕೆ ಪುಸ್ತಕ ಸಾಕು. ಎದುರಾಳಿಗಳ ಹತ್ತಿರ ಒಂದು ಬಣ್ಣದ (ಇಸ್ಪೀಟು, ಆಟೀನ್ ಹೀಗೆ ಯಾವುದಾದರೂ ಒಂದರ) ಐದು ಎಲೆ ಇದ್ದರೆ ಅವು 3-2 ಆಗಿ, ಅಂದರೆ ಒಬ್ಬರಿಗೆ ಮೂರು ಇನ್ನೊಬ್ಬರಿಗೆ ಎರಡು ಆಗಿ, ಒಡೆಯುವುದು ನೂರಕ್ಕೆ 68 ಸಲ, 4-1 ಆಗುವುದು 28 ಸಲ, 5-0 ಸುಮಾರು 4 ಸಲ. ಆರು ಎಲೆ ಇದ್ದರೆ 4-2 ಆಗುವುದೇ ಜಾಸ್ತಿ, 48 ಸಲ. 3-3 ಬರೀ 36 ಸಲ. 1930ರಲ್ಲೂ ಇಷ್ಟೇ, ಇವತ್ತೂ ಇಷ್ಟೇ. ಇದಕ್ಕೆ ತಿಂಗಳು ತಿಂಗಳು ದುಡ್ಡು ಕೊಡಬೇಕಿಲ್ಲ.

ಈ ಅಂಕಿಗಳನ್ನು ಜೋಡಿಸುವುದರಲ್ಲೇ ಆಟದ ಸೊಗಸು ಇರುವುದು. ಉದಾಹರಣೆಗೆ, ಒಂದು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಒಂದು ಸುತ್ತಿನ ಗೆಲುವು) ಬೇಕು, ದಾರಿ ಎರಡಿವೆ. ಒಂದು, ಆರು ಎಲೆ 3-3 ಆಗಿ ಒಡೆಯಬೇಕು. ಇನ್ನೊಂದು, ಬೇರೆ ಬಣ್ಣದಲ್ಲಿ ಫಿನೆಸ್ (ಎದುರಾಳಿಯ ದೊಡ್ಡ ಎಲೆ ನಮಗೆ ಅನುಕೂಲದ ಕಡೆ ಇದೆ ಅಂತ ನಂಬಿ ಅದಕ್ಕಿಂತ ಸಣ್ಣ ಎಲೆಯಿಂದಲೇ ಗೆಲ್ಲಲು ನೋಡುವುದು) ಗೆಲ್ಲಬೇಕು, ಅದು ನೂರಕ್ಕೆ 50. ಫಿನೆಸ್ ಒಂದನ್ನೇ ನಂಬಿ ಹೊರಟರೆ 50ಕ್ಕೇ ನಿಂತಿರಿ. ಮೊದಲು 3-3 ನೋಡಿ, ಆಗದಿದ್ದರೆ ಆಮೇಲೆ ಫಿನೆಸ್ ಮಾಡಿದರೆ? 36 ಕೈಗೆ ಬಂತು, ಉಳಿದ 64ರಲ್ಲಿ ಅರ್ಧ 32. ಒಟ್ಟು 68. ಕೈಯಲ್ಲಿರುವುದು ಅವೇ ಎಲೆ, ಬದಲಾದದ್ದು ಆಡುವ ಕ್ರಮ ಮಾತ್ರ. ನಮ್ಮ ಮಕ್ಕಳಿಗೆ ಸಂಭವನೀಯತೆ ಪಾಠ ಮಾಡುವಾಗ ಇದನ್ನೇ ಬೋರ್ಡ್ ಮೇಲೆ ಬರೆಯಬೇಕು ಅಂತ ಎಷ್ಟೋ ಸಲ ಅನಿಸಿದೆ. ಇಸ್ಪೀಟ್ ಅಂದ ಕೂಡಲೇ ಊರವರು ಏನಂದುಕೊಳ್ಳುತ್ತಾರೋ ಅಂತ ಸುಮ್ಮನಾಗಿದ್ದೇನೆ.

ಪತ್ರಿಕೆ ಬೇಕಾಗುವುದು ಬಿಡ್ಡಿಂಗ್‌ಗೆ, ಡಿಫೆನ್ಸ್‌ಗೆ (ಎದುರಾಳಿ ಬಿಡ್ ಮಾಡಿದ ಆಟ ಬೀಳಿಸುವುದಕ್ಕೆ). ಬಿಡ್ಡಿಂಗ್ ಒಂದು ಭಾಷೆ ಇದ್ದ ಹಾಗೆ, ಬದಲಾಗುತ್ತಲೇ ಇರುತ್ತದೆ. ಸರ್, ನಿಮಗೆ ಯಾವುದು ಕಡಿಮೆ ಬೀಳುತ್ತಿದೆ, ಎಲೆ ಆಡುವುದಾ, ಬಿಡ್ ಮಾಡುವುದಾ? ಅದನ್ನು ಮೊದಲು ಹೇಳಿ.

ಬಳ್ಳಾರಿ ಡಾಕ್ಟ್ರು

ಆರು ವರ್ಷ ಕಾಗದದ ಪ್ರತಿ ತರಿಸಿದ್ದೇನೆ, ಹಾಗಾಗಿ ಅನುಭವದ ಮಾತು. ಮೊದಲು ಕಷ್ಟ ಹೇಳುತ್ತೇನೆ. ಯಾವ ಸಂಚಿಕೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿರಲಿಲ್ಲ. ಎರಡು ತಿಂಗಳದ್ದು ಒಂದೇ ದಿನ ಬಂದದ್ದಿದೆ. ಒಂದು ವರ್ಷ ಮೂರು ಸಂಚಿಕೆ ಬರಲೇ ಇಲ್ಲ. ಪತ್ರ ಬರೆದರೆ ಮತ್ತೆ ಕಳಿಸಿದರು, ಅದು ಒಳ್ಳೆಯ ವಿಷಯ. ಆದರೆ ಆ ಕಾಯುವಿಕೆ ಬೇಸರ ತರುತ್ತದೆ.

ಈಗ ಒಳಗೆ ಏನಿರುತ್ತದೆ ಅಂತ ಹೇಳುತ್ತೇನೆ. ಗೊತ್ತಿಲ್ಲದೆ ಚಂದಾ ಕಟ್ಟಿದವರಿಗೆ ನಿರಾಸೆ ಆಗುತ್ತದೆ. ಅರ್ಧ ಪತ್ರಿಕೆ ಪಂದ್ಯದ ವರದಿ. ನಮಗೆ ಪರಿಚಯ ಇಲ್ಲದ ಜನ, ಪರಿಚಯ ಇಲ್ಲದ ಪದ್ಧತಿಗಳು. ಬರೀ ಫಲಿತಾಂಶ ಬೇಕಿದ್ದರೆ ಪತ್ರಿಕೆ ಬೇಡವೇ ಬೇಡ, ಅದು ಫೋನಿನಲ್ಲೇ ಸಿಗುತ್ತದೆ. ಉಳಿದ ಅರ್ಧದಲ್ಲೇ ಇರುವುದು ತಿರುಳು. ಅಮೆರಿಕದ ದಿ ಬ್ರಿಜ್ ವರ್ಲ್ಡ್ ಅನ್ನೇ ತಗೊಳ್ಳಿ. ಎಲಿ ಕಲ್ಬರ್ಟ್‌ಸನ್ 1929ರಲ್ಲಿ ಶುರು ಮಾಡಿದ ಪತ್ರಿಕೆ ಅದು. ಈಗಿನ ರೂಪದ ಕಾಂಟ್ರಾಕ್ಟ್ ಬ್ರಿಜ್‌ಗೆ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಅಂಕ ಕೊಡುವ ಲೆಕ್ಕ ಹಾಕಿದ್ದು 1925ರಲ್ಲಿ. ಅಂದರೆ ಆಟ ಹುಟ್ಟಿ ನಾಲ್ಕೇ ವರ್ಷಕ್ಕೆ ಪತ್ರಿಕೆ ಬಂತು. ಅದರಲ್ಲಿ ಮಾಸ್ಟರ್ ಸಾಲ್ವರ್ಸ್ ಕ್ಲಬ್ ಅಂತ ಒಂದು ವಿಭಾಗ ಇದೆ. ಕೆಲವು ಕೈಗಳನ್ನು ಕೊಟ್ಟು, ಇಲ್ಲಿ ನೀವೇನು ಬಿಡ್ ಮಾಡುತ್ತೀರಿ ಅಂತ ಕೇಳುತ್ತಾರೆ. ಒಂದು ಮಂಡಳಿಯಷ್ಟು ಪರಿಣತರು ಉತ್ತರ ಬರೆಯುತ್ತಾರೆ, ಓದುಗರೂ ಬರೆಯುತ್ತಾರೆ. ಹೆಚ್ಚು ಜನ ಒಪ್ಪಿದ ಉತ್ತರಕ್ಕೆ ಸಾಮಾನ್ಯವಾಗಿ 100 ಅಂಕ, ಉಳಿದವಕ್ಕೆ ಕಡಿಮೆ.

ನನಗೆ ಆಶ್ಚರ್ಯ ಆಗಿದ್ದು ಅವರು ಒಬ್ಬರಿಗೊಬ್ಬರು ಒಪ್ಪದೇ ಇರುವುದನ್ನು ನೋಡಿ. ಒಂದೇ ಕೈಗೆ ಒಬ್ಬ ಪಾಸ್ ಅಂತಾನೆ, ಇನ್ನೊಬ್ಬ ಗೇಮ್‌ಗೆ (ಹೆಚ್ಚು ಅಂಕದ ದೊಡ್ಡ ಬಿಡ್‌ಗೆ) ಹಾರುತ್ತಾನೆ, ಇಬ್ಬರೂ ಕಾರಣ ಕೊಡುತ್ತಾರೆ. ರೋಗಿಯ ವಿಷಯದಲ್ಲಿ ನಾವು ಡಾಕ್ಟರುಗಳು ಕೂತು ಮಾತಾಡುವುದು ಹೀಗೇ. ಆ ಕಾರಣಗಳನ್ನು ಓದಿ ಓದಿ ನನ್ನ ಆಟ ಸುಧಾರಿಸಿತು.

ಶಕ್ತಿನಗರ ನಿವೃತ್ತ

ಮಾಸ್ತರ್ರೇ, ಬಿಡ್ಡಿಂಗ್‌ನಲ್ಲೇ ಕಡಿಮೆ ಬೀಳುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಒಬ್ಬರ ಜೊತೆಗೇ ಆಡಿದ್ದರಿಂದ ಅವರ ಮುಖ ನೋಡದೆಯೂ ಮನಸ್ಸು ಗೊತ್ತಾಗುತ್ತದೆ ಅಂತ ಅಂದುಕೊಂಡಿದ್ದೆ. ಫೋನಿನಲ್ಲಿ ಬೇರೆಯವರ ಜೊತೆ ಆಡಿ ನೋಡಿದೆ. ನನ್ನ ಬಿಡ್ ಅವರಿಗೆ ಅರ್ಥ ಆಗಲಿಲ್ಲ, ಅವರದ್ದು ನನಗೂ ಆಗಲಿಲ್ಲ. ಆಟದ ನಡುವೆ ಒಬ್ಬರು ಒಂದು ಮಾತೂ ಆಡದೆ ಎದ್ದು ಹೋದರು. ಅವತ್ತು ಬೇಜಾರಾಯಿತು.

ತಮ್ಮಾ, ನೀನು ಹೇಳಿದ್ದು ಮಾಡಿದೆ. ನನ್ನ ಜೋಡಿಯವರ ಮೊಮ್ಮಗಳು ಅವರಿಗೆ ಖಾತೆ ಮಾಡಿಕೊಟ್ಟಿದ್ದಾಳೆ. ಬಹಳ ಉಪಕಾರ ಆಯಿತಪ್ಪ.

ಸಿಂಧನೂರು ಅಕ್ಕ

ನಾನು ಈ ಆಟಕ್ಕೆ ಬಂದು ಮೂರೇ ವರ್ಷ. ಚಿಕ್ಕವಳಿದ್ದಾಗ ಮನೆಯಲ್ಲಿ ಇಪ್ಪತ್ತೆಂಟು ಅನ್ನುವ ಇಸ್ಪೀಟ್ ಆಟ ಆಡುತ್ತಿದ್ದೆವು. ಅದರಲ್ಲಿ ಗುಲಾಮನೇ ದೊಡ್ಡವನು, ಮೂರು ಪಾಯಿಂಟ್. ಒಂಬತ್ತಕ್ಕೆ ಎರಡು. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಪಾಯಿಂಟ್ ಇರುವ ಎಲೆ ಕಂಡರೆ ಬಾಚಿಕೊಳ್ಳಬೇಕು, ಆ ಕೈ ಅದಕ್ಕೇ ಪಳಗಿತ್ತು. ಬ್ರಿಜ್‌ನಲ್ಲಿ ಎಲೆಯ ಮೇಲೆ ಪಾಯಿಂಟ್ ಇಲ್ಲ, ಎಷ್ಟು ಟ್ರಿಕ್ ಅನ್ನುವುದಷ್ಟೇ ಲೆಕ್ಕ. ಇದು ತಲೆಗೆ ಹೋಯಿತು, ಕೈಗೆ ಹೋಗಲಿಲ್ಲ. ಗೆಲ್ಲುವ ಎಲೆ ಇದ್ದರೆ ಹಾಕಿಬಿಡುತ್ತಿದ್ದೆ.

ನನ್ನ ಬ್ಯಾಂಕಿನ ಹಿರಿಯರೊಬ್ಬರು ವರ್ಗವಾಗಿ ಹೋಗುವಾಗ ಹಳೇ ಬ್ರಿಜ್ ಪತ್ರಿಕೆಗಳ ಒಂದು ಕಟ್ಟು ಕೊಟ್ಟು ಹೋದರು. ಗೆದ್ದಲು ತಿಂದ ಅಂಚು, ಹಳದಿ ಹಾಳೆ. ಅದರಲ್ಲಿ ನೋಡಿದ್ದಂಥ ಒಂದು ಕೈಯನ್ನು ಇಲ್ಲಿ ಕೊಡುತ್ತೇನೆ. ಎಲೆಗಳನ್ನು ನಾನೇ ಜೋಡಿಸಿದ್ದೇನೆ. ಇಸ್ಪೀಟ್ ಕಟ್ಟು ಇದ್ದರೆ ಹರಡಿಕೊಂಡು ನೋಡಿ.

ನಿಮ್ಮ ಕೈ: ಇಸ್ಪೀಟು ಎಕ್ಕ, 8, 3. ಆಟೀನ್ ಎಕ್ಕ, ರಾಣಿ, 4. ಡೈಮಂಡ್ 8, 6, 2. ಕಳಾವರ್ ಎಕ್ಕ, ರಾಜ, 5, 3.

ಎದುರು ಬಿಚ್ಚಿಟ್ಟ ಡಮ್ಮಿ (ನಿಮ್ಮ ಜೋಡಿಯವರ ಎಲೆ, ಅದನ್ನೂ ನೀವೇ ಆಡುತ್ತೀರಿ): ಇಸ್ಪೀಟು 7, 4. ಆಟೀನ್ ರಾಜ, 8, 5. ಡೈಮಂಡ್ ಎಕ್ಕ, ರಾಣಿ, ಗುಲಾಮ, 10, 9. ಕಳಾವರ್ ರಾಣಿ, 6, 2.

ನೀವು ಮೂರು ನೋ ಟ್ರಂಪ್ (ತುರುಫು ಇಲ್ಲದ ಆಟ) ಆಡುತ್ತಿದ್ದೀರಿ, ಒಂಬತ್ತು ಟ್ರಿಕ್ ಬೇಕು. ಎಡಗಡೆಯವರು ಇಸ್ಪೀಟು 6 ಇಳಿಸಿದರು. ಡಮ್ಮಿಯಿಂದ 4. ಬಲಗಡೆಯವರು ರಾಣಿ. ಈಗ ನೀವೇನು ಹಾಕುತ್ತೀರಿ?

ನಾನು ಒಂದು ಕ್ಷಣವೂ ಯೋಚಿಸದೆ ಎಕ್ಕ ಅಂದೆ. ಆಮೇಲೆ ಉತ್ತರ ಓದಿದೆ. ಕೈಯಲ್ಲಿ ಗಟ್ಟಿ ಇರುವುದು ಎಂಟು: ಇಸ್ಪೀಟು ಒಂದು, ಆಟೀನ್ ಮೂರು, ಕಳಾವರ್ ಮೂರು, ಡೈಮಂಡ್ ಒಂದು. ಒಂಬತ್ತನೆಯದಕ್ಕೆ ಡೈಮಂಡ್‌ನ ದಾರಿಯೇ ಒಳ್ಳೆಯದು. ಫಿನೆಸ್ ಮಾಡಿದಿರಿ, ಡೈಮಂಡ್ ರಾಜ ಬಲಗಡೆಯವರ ಹತ್ತಿರ ಸಿಕ್ಕಿತು ಅನ್ನಿ. ಅವರ ಹತ್ತಿರ ಇನ್ನೂ ಇಸ್ಪೀಟು ಇದೆ, ತಿರುಗಿ ಇಳಿಸುತ್ತಾರೆ. ಎಡಗಡೆಯವರ ಹತ್ತಿರ ಇದ್ದದ್ದು ಐದು ಇಸ್ಪೀಟು. ಅವರಿಗೆ ಇಸ್ಪೀಟಿನಲ್ಲಿ ನಾಲ್ಕು, ಡೈಮಂಡ್ ರಾಜ ಒಂದು. ಐದು ಹೋಯಿತು, ನಿಮಗೆ ಉಳಿದದ್ದು ಎಂಟು. ಆಟ ಬಿತ್ತು.

ಈಗ ಎಕ್ಕವನ್ನು ಹಿಡಿದುಕೊಳ್ಳಿ. ಮೊದಲ ಸುತ್ತು ಬಿಡಿ, ಎರಡನೇ ಸುತ್ತೂ ಬಿಡಿ, ಮೂರನೇ ಸುತ್ತಿಗೆ ಹಾಕಿ. ಇಸ್ಪೀಟು 5-3 ಆಗಿ ಹಂಚಿದ್ದರೆ ಅಷ್ಟರಲ್ಲಿ ಬಲಗಡೆಯವರ ಹತ್ತಿರ ಇಸ್ಪೀಟು ಖಾಲಿ. ಈಗ ಡೈಮಂಡ್ ರಾಜ ಗೆದ್ದರೂ ಗೆಳೆಯನಿಗೆ ದಾಟಿಸಲು ಎಲೆ ಇಲ್ಲ. 4-4 ಆಗಿದ್ದರೆ? ಅವರಿಗೆ ಇಸ್ಪೀಟು ಮೂರೇ ಸಿಗುತ್ತದೆ, ಆಗಲೂ ನೀವೇ ಗೆಲ್ಲುತ್ತೀರಿ. ಎಷ್ಟು ಸುತ್ತು ಬಿಡಬೇಕು ಅನ್ನುವುದಕ್ಕೆ ಏಳರ ಲೆಕ್ಕ ಅಂತ ಒಂದಿದೆ. ನಿಮ್ಮ ಕೈ, ಡಮ್ಮಿ ಎರಡರಲ್ಲೂ ಸೇರಿ ಆ ಬಣ್ಣದ ಎಲೆ ಎಷ್ಟು ಅಂತ ಎಣಿಸಿ ಏಳರಲ್ಲಿ ಕಳೆಯಬೇಕು. ಇಲ್ಲಿ ಐದು ಎಲೆ, ಹಾಗಾಗಿ ಎರಡು ಸುತ್ತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೈಯಲ್ಲಿ ಎಕ್ಕ ಇಟ್ಟುಕೊಂಡು ಸೋಲುವುದು! ಅದೂ ಎರಡು ಸಲ! ಫೋನಿನಲ್ಲಿ ಅಷ್ಟು ದಿನ ಆಡಿದರೂ ಇದು ಹೊಳೆದಿರಲಿಲ್ಲ. ಯಾಕೆಂದರೆ ಅಲ್ಲಿ ಎಲೆ ಬಿದ್ದ ಮೇಲೆ ಮುಂದಿನ ಎಲೆ, ಮುಂದಿನ ಆಟ. ಹಾಳೆಯ ಮೇಲೆ ಆ ಪ್ರಶ್ನೆ ನನ್ನನ್ನು ನಿಲ್ಲಿಸಿತು. ಸರ್, ನೀವು ಯಾವ ಪ್ರತಿ ತರಿಸಿದರೂ ಇದೊಂದು ಮಾಡಿ. ಉತ್ತರದ ಭಾಗವನ್ನು ಒಂದು ಕಾಗದದಿಂದ ಮುಚ್ಚಿ. ನಿಮ್ಮ ಉತ್ತರವನ್ನು ಪೆನ್ನಿನಲ್ಲಿ ಬರೆದ ಮೇಲೇ ಕಾಗದ ಸರಿಸಿ. ಮುಚ್ಚದೆ ಓದಿದರೆ ಎಲ್ಲ ಗೊತ್ತಿದ್ದದ್ದೇ ಅನಿಸುತ್ತದೆ, ಏನೂ ಉಳಿಯುವುದಿಲ್ಲ.

ಗಂಗಾವತಿ ಹುಡುಗ

ಅಕ್ಕಾ, ನಾನೂ ಎಕ್ಕವನ್ನೇ ಹಾಕಿದೆ. ಆಮೇಲೆ ಮಿಲ್ಲಿನ ಮೇಜಿನ ಮೇಲೆ ಎಲೆ ಹರಡಿಕೊಂಡು ಎರಡು ಥರವೂ ಆಡಿ ನೋಡಿದೆ. ನೀವು ಹೇಳಿದ್ದು ಸರಿ. ಎರಡು ವರ್ಷದಲ್ಲಿ ಸಾವಿರಕ್ಕಿಂತ ಜಾಸ್ತಿ ಆಟ ಆಡಿದ್ದೇನೆ. ಏಳರ ಲೆಕ್ಕ ಇವತ್ತೇ ಮೊದಲು ಕೇಳಿದ್ದು.

ಆದರೂ ನನ್ನಂಥವರು ಮೊದಲು ಒಂದು ಒಳ್ಳೆಯ ಪುಸ್ತಕ ಕೊಳ್ಳಬೇಕು, ಪತ್ರಿಕೆ ಆಮೇಲೆ. ಈ ಪಾಠ ಪುಸ್ತಕದಲ್ಲೂ ಇರುತ್ತದೆ, ಅಲ್ವಾ?

ಸಿಂಧನೂರು ಅಕ್ಕ

ಇರುತ್ತದೆ ತಮ್ಮಾ. ನಿನಗೆ ಪುಸ್ತಕವೇ ಸರಿ. ಮಾಸ್ತರ್ ಹೇಳಿದ್ದೂ ಅದೇ.

ಕೌಲ್ ಬಜಾರ್

ದುಡ್ಡಿನ ಮಾತು ಎಲ್ಲರೂ ಆಡಿದಿರಿ. ನಾನು ಮನೆಯ ಮಾತು ಹೇಳುತ್ತೇನೆ.

ನಮ್ಮ ಕಡೆ ಇಸ್ಪೀಟ್ ಅಂದರೆ ಜೂಜು. ಪೇಪರ್ ತೆರೆದರೆ ಅಂದರ್ ಬಾಹರ್ ಅಡ್ಡೆ ಮೇಲೆ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ. ನಮ್ಮ ಓಣಿಯಲ್ಲೇ ಇಸ್ಪೀಟಿಗೆ ಮನೆ ಕಳಕೊಂಡವರಿದ್ದಾರೆ. ಹಾಗಾಗಿ ನಾನು ಬ್ರಿಜ್ ಕಲಿಯುತ್ತೇನೆ ಅಂದಾಗ ನಮ್ಮವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವಳ ಭಯ ಸುಳ್ಳಲ್ಲ.

ನಾನು ವಾದ ಮಾಡಲಿಲ್ಲ. ಒಂದು ದಿನ ಪತ್ರಿಕೆ ಹಿಡಿದು ಅವಳ ಪಕ್ಕ ಕೂತೆ. ಡೂಪ್ಲಿಕೇಟ್ ಅಂದರೇನು ಅಂತ ಹೇಳಿದೆ. ಒಂದು ಟೇಬಲ್ಲಿನಲ್ಲಿ ನಾಲ್ಕು ಕೈಗೆ ಬಂದ ಎಲೆಗಳನ್ನು ಹಾಗೇ ಖಾನೆಗಳಲ್ಲಿ ಹಾಕಿ ಮುಂದಿನ ಟೇಬಲ್ಲಿಗೆ ಕಳಿಸುತ್ತಾರೆ. ಎಲ್ಲರಿಗೂ ಅವೇ ಎಲೆ. ಕೆಟ್ಟ ಎಲೆ ಬಂತು ಅನ್ನುವ ನೆಪ ಇಲ್ಲ, ಅವೇ ಎಲೆಯಲ್ಲಿ ಯಾರು ಚೆನ್ನಾಗಿ ಆಡಿದರು ಅನ್ನುವುದಕ್ಕೇ ಅಂಕ. ಆಮೇಲೆ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ವಿಷಯ ಹೇಳಿದೆ. ಬ್ರಿಜ್ ಅಲ್ಲಿ ಮೊದಲ ಸಲ ಸೇರಿದ್ದು. ಪುರುಷರ ಜೋಡಿಯಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ನಮ್ಮ ದೇಶಕ್ಕೆ ಚಿನ್ನ ತಂದರು. ಒಬ್ಬರಿಗೆ ಆಗ 60 ವರ್ಷ, ಇನ್ನೊಬ್ಬರಿಗೆ 56. ಹಾಂಗ್‌ಝೌ ಕ್ರೀಡಾಕೂಟದಲ್ಲಿ ಪುರುಷರ ತಂಡಕ್ಕೆ ಬೆಳ್ಳಿ ಬಂತು. 60 ವರ್ಷ ಅಂದದ್ದು ಕೇಳಿ ಅವ್ವ, ಆ ವಯಸ್ಸಿನಲ್ಲಿ ಓಡುವುದು ಜಿಗಿಯುವುದು ಬೇಡ, ಬುದ್ಧಿ ಓಡಿದರೆ ಸಾಕು ಅಂದಳು.

ನನಗೆ ಪತ್ರಿಕೆಯ ದುಡ್ಡು ಅವತ್ತೇ ವಸೂಲಾಯಿತು. ಈಗ ನಾನು ಮುಂದಿನ ಕೋಣೆಯಲ್ಲೇ ಕೂತು ಆಡುತ್ತೇನೆ, ಬಾಗಿಲು ತೆರೆದೇ ಇರುತ್ತದೆ. ಒಂದು ನಿಯಮ ಮಾತ್ರ ಮುರಿದಿಲ್ಲ. ಒಂದು ರೂಪಾಯಿಯನ್ನೂ ಪಣಕ್ಕೆ ಇಡುವುದಿಲ್ಲ.

ಕುಷ್ಟಗಿ ಮಾಸ್ತರ್

ಅವ್ವನವರಿಗೆ ನನ್ನ ನಮಸ್ಕಾರ ಹೇಳಿ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯ ಬಗ್ಗೆ ತೀರ್ಪು ಕೊಡುವಾಗ ಅದು ಮುಖ್ಯವಾಗಿ ಕೌಶಲದ ಆಟ ಅಂತ ಹೇಳಿತು. ರಮ್ಮಿಯಲ್ಲಿ ಅದೃಷ್ಟದ ಪಾಲು ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಅಂತ ಹೋಲಿಸಿತ್ತು. ಪಣ ಇಡದೆ ಆಡುವ ನಿಮ್ಮ ನಿಯಮ ಅದಕ್ಕಿಂತ ದೊಡ್ಡದು.

ಬಳ್ಳಾರಿ ಡಾಕ್ಟ್ರು

ಒಂದು ಮಾತು ಬಿಟ್ಟುಹೋಗಿತ್ತು. ಒಬ್ಬರು ಚಂದಾ ಕಟ್ಟಿ ಪಿಡಿಎಫ್ ಅನ್ನು ಇಡೀ ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನೋಡಿದ್ದೇನೆ. ದಯವಿಟ್ಟು ಅದು ಬೇಡ. ಈ ಪತ್ರಿಕೆಗಳಿಗೆ ಓದುಗರು ಕೆಲವೇ ಜನ, ಜಾಹೀರಾತೂ ಅಷ್ಟಕ್ಕಷ್ಟೇ. ಚಂದಾ ನಿಂತರೆ ಪತ್ರಿಕೆ ನಿಲ್ಲುತ್ತದೆ. ಕಾಗದದ ಪ್ರತಿಯನ್ನು ಓದಿ ಇನ್ನೊಬ್ಬರಿಗೆ ಕೊಡಿ, ಅದರಲ್ಲಿ ತಪ್ಪಿಲ್ಲ. ನನ್ನ ಆರು ವರ್ಷದ ಪ್ರತಿಗಳು ಮೂರು ಮನೆ ಸುತ್ತಿವೆ.

ಇನ್ನೊಂದು ವಿಷಯ ಕಣ್ಣಿನದು. ವಯಸ್ಸಾದವರು ಫೋನಿನಲ್ಲಿ ಬ್ರಿಜ್ ಓದುವುದು ಕಷ್ಟ. ನಾಲ್ಕು ಕೈಯ ಚಿತ್ರ ದೊಡ್ಡದು ಮಾಡಿದರೆ ಬರಹ ಜಾರುತ್ತದೆ, ಬರಹ ನೋಡಿದರೆ ಚಿತ್ರ ಕಾಣುವುದಿಲ್ಲ. ಡಿಜಿಟಲ್ ತಗೊಂಡು ಬೇಕಾದ ನಾಲ್ಕೈದು ಪುಟ ಮಾತ್ರ ಪ್ರಿಂಟ್ ಮಾಡಿಸಿಕೊಳ್ಳಿ ಸರ್.

ಕುಷ್ಟಗಿ ಮಾಸ್ತರ್

ಹಾಗಾದರೆ ನನ್ನ ಸಲಹೆ. ವರ್ಷದ್ದು ಕಟ್ಟುವ ಮೊದಲು ಒಂದೇ ಸಂಚಿಕೆ ಕೊಳ್ಳಿ. ನೀವೂ ನಿಮ್ಮ ಜೋಡಿಯವರೂ ಬೇರೆ ಬೇರೆ ಕೂತು ಬಿಡ್ಡಿಂಗ್ ಪುಟ ಬಿಡಿಸಿ. ಅಕ್ಕ ಹೇಳಿದ ಹಾಗೆ ಉತ್ತರ ಮುಚ್ಚಿ, ಬರೆದಿಟ್ಟು, ಆಮೇಲೆ ಫೋನ್ ಮಾಡಿ. ಮಾತು ಹತ್ತು ನಿಮಿಷಕ್ಕೆ ಮುಗಿದರೆ ಚಂದಾ ಬೇಡ. ಮುಗಿಯದಿದ್ದರೆ ಕಟ್ಟಿ.

ಶಕ್ತಿನಗರ ನಿವೃತ್ತ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮಾಸ್ತರ್ ಹೇಳಿದ ಹಾಗೇ ಮಾಡಿದೆವು.

ಒಂದು ಸಂಚಿಕೆ ಇಬ್ಬರೂ ಕೊಂಡೆವು. ನಾನು ಬಸ್ಸಿನಲ್ಲಿ ರಾಯಚೂರಿಗೆ ಹೋಗಿ ತೀನ್ ಕಂದೀಲ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆರು ಪುಟ ಪ್ರಿಂಟ್ ಹಾಕಿಸಿಕೊಂಡೆ. ಅಂಗಡಿಯ ಹುಡುಗ ಎಲೆಯ ಚಿತ್ರ ನೋಡಿ ಇದೇನು ಸರ್ ಪರೀಕ್ಷೆಗಾ ಅಂತ ಕೇಳಿದ. ಹೌದಪ್ಪಾ ಅಂದೆ.

ಭಾನುವಾರ ಬೆಳಗ್ಗೆ ಏಳಕ್ಕೆ ಜೋಡಿಯವರ ಫೋನ್ ಬಂತು. ಮೊದಲನೇ ಪ್ರಶ್ನೆ ಹೀಗಿತ್ತು. ಪಾರ್ಟ್‌ನರ್ ಒಂದು ನೋ ಟ್ರಂಪ್ ಅಂದಿದ್ದಾರೆ, 15ರಿಂದ 17 ಪಾಯಿಂಟ್ (ಬಿಡ್ ಮಾಡುವಾಗ ಕೈಯ ಬಲ ಅಳೆಯಲು ದೊಡ್ಡ ಎಲೆಗಳಿಗೆ ಹಾಕುವ ಲೆಕ್ಕ). ನಿಮ್ಮ ಹತ್ತಿರ ಐದು ಇಸ್ಪೀಟು, ನಾಲ್ಕು ಆಟೀನ್, ಒಟ್ಟು ಎಂಟು ಪಾಯಿಂಟ್. ಏನು ಬಿಡ್? ನಾನು ಎರಡು ಕಳಾವರ್ ಬರೆದಿದ್ದೆ, ಸ್ಟೇಮನ್. ಇಸ್ಪೀಟಾಗಲಿ ಆಟೀನ್ ಆಗಲಿ ನಾಲ್ಕು ಇದೆಯಾ ಅಂತ ಕೇಳಿಬಿಡೋಣ ಅಂತ. ಅವರು ಎರಡು ಆಟೀನ್ ಬರೆದಿದ್ದರು, ಟ್ರಾನ್ಸ್‌ಫರ್, ಅಂದರೆ ಆಟೀನ್ ಅಂತ ಹೇಳಿ ಇಸ್ಪೀಟು ಇದೆ ಅಂತ ತಿಳಿಸುವ ಬಿಡ್. ಐದು ಇಸ್ಪೀಟು ಇರುವಾಗ ಮೊದಲು ಅದನ್ನೇ ತೋರಿಸಬೇಕು ಅಂತ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಕೈ ಎಷ್ಟು ಸಲ ಬಂದಿರಬೇಕು! ಅವರು ನನ್ನ ಹಾಗೇ ಯೋಚಿಸುತ್ತಾರೆ ಅಂತ ನಾನು, ನಾನು ಅವರ ಹಾಗೇ ಅಂತ ಅವರು. ಒಮ್ಮೆಯೂ ಕೂತು ಕೇಳಿರಲಿಲ್ಲ. 2009ರಲ್ಲೋ ಏನೋ ಒಂದು ರಾತ್ರಿ ನಾಲ್ಕು ಆಟೀನ್ ಬಿಡ್ ಮಾಡುವುದು ತಪ್ಪಿಹೋಗಿ, ಆಡಿದ ಮೂರು ನೋ ಟ್ರಂಪ್ ಬಿದ್ದಿತ್ತು. ಮನೆಗೆ ಹೋಗುವವರೆಗೂ ಇಬ್ಬರೂ ಮಾತಾಡಿರಲಿಲ್ಲ. ಅವರು ಅದನ್ನು ನೆನಪಿಟ್ಟಿದ್ದರು. ಅವತ್ತು ನೀವು ಯಾಕೆ ಹಾಗೆ ಮಾಡಿದಿರಿ ಅಂತ ಈಗ ಗೊತ್ತಾಯಿತು ಅಂದರು.

ಪತ್ರಿಕೆಯಲ್ಲಿ ಪರಿಣತರೂ ಎರಡು ಪಾಲಾಗಿದ್ದರು. ಒಂದೇ ಪ್ರಶ್ನೆಗೆ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ನಮ್ಮ ಮನೆಯವರು ಎರಡು ಸಲ ತಿಂಡಿಗೆ ಕರೆದರು, ಆಮೇಲೆ ತಟ್ಟೆಯನ್ನು ಫೋನಿನ ಪಕ್ಕಕ್ಕೇ ತಂದಿಟ್ಟರು. ಮಂಡಕ್ಕಿ ಒಗ್ಗರಣೆ ಮೆತ್ತಗಾಗಿತ್ತು.

ನಿನ್ನೆ ಡಿಜಿಟಲ್ ಚಂದಾ ಕಟ್ಟಿದೆ. ಅವರೂ ಬೇರೆ ಕಟ್ಟಿದರು. ಇಬ್ಬರದ್ದೂ ಸೇರಿಸಿದರೂ ಒಂದು ಕಾಗದದ ಪ್ರತಿಗಿಂತ ಕಡಿಮೆಯೇ ಆಯಿತು. ಇಂಥ ಕೈಗೆ ಇನ್ನು ಮೇಲೆ ಸ್ಟೇಮನ್ ಅಂತ ತೀರ್ಮಾನ ಮಾಡಿ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇವೆ. ಅದು ಒಂದನೇ ಸಾಲು. ಕಣ್ಣಿನ ಆಪರೇಷನ್ ಆದ ಗೆಳೆಯರಿಗೂ ವಿಷಯ ಹೇಳಿದೆ. ಪಟ್ಟಿ ಬಿಚ್ಚಿದ್ದಾರೆ, ಓದುವುದು ಇನ್ನೂ ಬೇಡ ಅಂದಿದ್ದಾರಂತೆ. ಪ್ರಶ್ನೆ ನಾನು ಓದಿ ಹೇಳುತ್ತೇನೆ, ನೀವು ಉತ್ತರ ಹೇಳಿ ಅಂದಿದ್ದೇನೆ. ಬರುವ ಭಾನುವಾರ ಎರಡನೇ ಪ್ರಶ್ನೆ. ಹಸಿರು ಬಟ್ಟೆ ಒಗೆದು ಬಿಸಿಲಿಗೆ ಹಾಕಿದ್ದೇನೆ.